ಶವವಾಹನದವರಿಗೆ ಬಂದ ಚೀಟಿ

ನಮ್ಮ ವ್ಯಾಪಾರಿ ಬಳಗದಲ್ಲಿ ಒಂದು ಕಸುಬಿಗೆ ಒಂದೇ ಕುರ್ಚಿ. ಒಬ್ಬರು ಟೈಲ್ಸ್ ಅಂಗಡಿಯವರು, ಒಬ್ಬರು ವಕೀಲರು, ಒಬ್ಬರು ಹಲ್ಲಿನ ಡಾಕ್ಟರು, ವಿಸಿಟಿಂಗ್ ಕಾರ್ಡು ಅಚ್ಚು ಹಾಕುವ ನಾನು. ಪ್ರತಿ ಮಂಗಳವಾರ ಬೆಳಿಗ್ಗೆ ಏಳಕ್ಕೆ ಹೋಟೆಲೊಂದರ ಮಹಡಿಯ ಹಾಲಿನಲ್ಲಿ ಟೈ ಬಿಗಿದುಕೊಂಡು ಸೇರುತ್ತೇವೆ. ಒಬ್ಬೊಬ್ಬರೂ ಒಂದು ನಿಮಿಷ ನಮ್ಮನ್ನು ನಾವೇ ಹೊಗಳಿಕೊಳ್ಳುತ್ತೇವೆ. ಆಮೇಲೆ ಗಿರಾಕಿಯಾಗಬಹುದಾದವರ ಹೆಸರು, ಫೋನ್ ನಂಬರು ಬರೆದ ಹಳದಿ ಚೀಟಿಗಳನ್ನು ಒಬ್ಬರಿಗೊಬ್ಬರು ಕೊಡುತ್ತೇವೆ. ವಿಮೆ ಮಾರುವ ನಮ್ಮ ಅಧ್ಯಕ್ಷರು ಇದಕ್ಕೆ ‘ಸಂಬಂಧ ಕಟ್ಟುವುದು’ ಎನ್ನುತ್ತಾರೆ. ತಮ್ಮ ಸ್ವಂತ ತಂಗಿಯ ಜೊತೆ ಮಾತು ಬಿಟ್ಟು ಅವರಿಗೆ ಹನ್ನೊಂದು ವರ್ಷವಾಯಿತು.

ಈ ಬಳಗಕ್ಕೆ ಶವವಾಹನದವರು ಬಂದು ಸೇರಿದರು. ಕುರ್ಚಿಗೆ ಪೈಪೋಟಿ ಇರಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಐವತ್ತೆಂಟರ ಮೆತ್ತಗಿನ ಮನುಷ್ಯ. ಇಪ್ಪತ್ತು ವರ್ಷ ದೊಡ್ಡಾಸ್ಪತ್ರೆಯ ಹಿಂಬದಿಯ ಗೇಟಿನಲ್ಲಿ ವ್ಯಾನ್ ನಿಲ್ಲಿಸಿಕೊಂಡು ಬದುಕಿದವರು. ಆಸ್ಪತ್ರೆಯವರು ಆ ಕೆಲಸವನ್ನು ಒಂದು ಕಂಪನಿಗೆ ಗುತ್ತಿಗೆ ಕೊಟ್ಟು ಇವರನ್ನು ಗೇಟಿನಿಂದ ಎಬ್ಬಿಸಿದರು.

“ಅಪ್ಪಾ, ಈಗೆಲ್ಲ ಕಾಂಟ್ಯಾಕ್ಟ್ ಮೇಲೇ ನಡೆಯೋದು,” ಎಂದು ಮಗಳೇ ಅವರನ್ನು ಬಳಗಕ್ಕೆ ಸೇರಿಸಿದಳಂತೆ.

“ಒಂದು ಸಲ ಬಂದ ಗಿರಾಕಿ ಇನ್ನೊಂದು ಸಲ ಬರದ ವ್ಯಾಪಾರ ಕಣಮ್ಮ ನಂದು,” ಎಂದರಂತೆ ಇವರು.

ಅವರ ಒಂದು ನಿಮಿಷದಲ್ಲಿ ಅಲ್ಲಿದ್ದ ಮಂದಿಯೆಲ್ಲ ತಿಂಡಿಯ ತಟ್ಟೆ ನೋಡುತ್ತಿದ್ದರು. “ಮನೆಯಿಂದಾಗಲಿ, ಆಸ್ಪತ್ರೆಯಿಂದಾಗಲಿ, ಕುಲುಕದ ಹಾಗೆ ಕರ್ಕೊಂಡು ಹೋಗ್ತೀನಿ,” ಎಂದು ಅವರು ಹೇಳಿ ಕಾರ್ಡು ಚಾಚಿದರೆ, ಬಿಸಿ ಪಾತ್ರೆ ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿಯುತ್ತಿದ್ದರು. ಹಲ್ಲಿನ ಡಾಕ್ಟರು ಒಮ್ಮೆ ಅವರ ಬೆನ್ನು ತಟ್ಟಿ, “ನಿಮ್ಮ ಪರಿಚಯ ಆಗಿದ್ದು ಸಂತೋಷ ಸ್ವಾಮಿ. ಮನೆ ಕಡೆ ಮಾತ್ರ ಬರ್ಬೇಡಿ,” ಎಂದರು. ಎಲ್ಲರೂ ನಕ್ಕೆವು. ಅವರೂ ನಕ್ಕರು. ತಡವಾಗಿ ಬರುವ ನನಗೆ ಉಳಿಯುತ್ತಿದ್ದದ್ದು ಅವರ ಪಕ್ಕದ ಜಾಗವೊಂದೇ. ಹಾಗಾಗಿ ನಮ್ಮ ಸ್ನೇಹ ಬೆಳೆಯಿತು.

ವರ್ಷದೊಳಗೆ ಒಂದಾದರೂ ಚೀಟಿಯ ಕೆಲಸ ಕೈಗೂಡದಿದ್ದರೆ ಕುರ್ಚಿ ಹೋಗುತ್ತದೆಂಬುದು ಬಳಗದ ನಿಯಮ. ಹತ್ತು ತಿಂಗಳಾದರೂ ಅವರಿಗೆ ಚೀಟಿಯೇ ಬಂದಿರಲಿಲ್ಲ. “ಇದೂ ತಪ್ಪಿದ್ರೆ ವ್ಯಾನ್ ಮಾರ್ಬೇಕು ಸಾರ್. ಅದು ಬಿಟ್ರೆ ನಂಗೆ ಬೇರೆ ಕೆಲಸ ಬರಲ್ಲ,” ಎಂದಿದ್ದರು.

ಅದರ ಮುಂದಿನ ವಾರವೇ ಟೈಲ್ಸ್ ಅಂಗಡಿಯವರು ಅವರ ಕೈಗೆ ಚೀಟಿ ಇಟ್ಟರು. ತಗ್ಗಿದ ದನಿಯಲ್ಲಿ, “ನಮ್ಮಣ್ಣಂದು. ಡಾಕ್ಟರು ಕೈಚೆಲ್ಲಿದ್ದಾರೆ. ಅಣ್ಣಂಗೆ ಹೇಳಿಲ್ಲ, ಅತ್ತಿಗೆ ಹತ್ರ ಮಾತಾಡಿ,” ಎಂದರು. ಬರೆದಿದ್ದದ್ದು ಮನೆಯ ಫೋನಿನ ನಂಬರು. ಯಾವಾಗಲೂ ಅತ್ತಿಗೆಯೇ ಎತ್ತುವುದಂತೆ.

ಚೀಟಿ ಸಿಕ್ಕ ಇಪ್ಪತ್ತನಾಲ್ಕು ಗಂಟೆಯೊಳಗೆ ಫೋನ್ ಮಾಡಬೇಕೆಂಬುದು ಇನ್ನೊಂದು ನಿಯಮ. ಮನುಷ್ಯ ನಿಯಮಕ್ಕೆ ಹೆದರುವವರು. ಮರುದಿನ ಬೆಳಿಗ್ಗೆ ಮಾಡಿಯೇಬಿಟ್ಟರು. ಎತ್ತಿದ್ದು ಗಂಡಸಿನ ದನಿ. ಮಗನಿರಬೇಕೆಂದುಕೊಂಡು, ನಾವು ಕಲಿಸಿಕೊಟ್ಟಿದ್ದ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದರು: “ನಮಸ್ಕಾರ, ಟೈಲ್ಸ್ ಅಂಗಡಿಯವರು ನಿಮ್ಮ ನಂಬರು ಕೊಟ್ರು. ಶವವಾಹನದ ಸೇವೆ ನಮ್ಮದು. ಮನೆಯ ಹಿರಿಯರಿಗೆ ಅಂತ ಹೇಳಿದ್ರು. ಯಾವ ಹೊತ್ತಿಗೆ ಕರೆದ್ರೂ ಬರ್ತೀವಿ.”

ಆ ಕಡೆಯ ದನಿ ಹೇಳಿತು, “ಈ ಮನೇಲಿ ಹಿರಿಯ ಅಂದ್ರೆ ನಾನೇ ಕಣ್ರೀ.”

ಇವರು ಚೀಟಿಯ ನಂಬರನ್ನು ಮತ್ತೊಮ್ಮೆ ನೋಡಿದರು.

“ಗ್ಯಾಸ್ಟ್ರಿಕ್ಕು, ಹೋಗತ್ತೆ ಅಂದಿದ್ರು,” ಎಂದಿತು ದನಿ. “ಯಾವತ್ತಿಗೆ ಅಂತ ಹೇಳಿದ್ದಾನೆ ತಮ್ಮ?”

“ತಪ್ಪಾಯ್ತು ಸಾರ್...”

“ನಿಮ್ಮದೇನು ತಪ್ಪು. ನೀವು ಫೋನ್ ಮಾಡಿದ್ದು ಅವನಿಗೆ ಹೇಳ್ಬೇಡಿ. ಪಾಪ, ನನ್ನ ಮುಂದೆ ನಗೋದಕ್ಕೆ ಕಷ್ಟಪಡ್ತಿದ್ದಾನೆ. ಇನ್ಮೇಲೆ ನಾನೂ ನಗ್ಬೇಕಾಯ್ತು, ಅಷ್ಟೆ.”

ಇದನ್ನು ನನ್ನೊಬ್ಬನಿಗೇ ಹೇಳಿದರು. ಹೇಳುವಾಗ ಟೈ ಬಿಚ್ಚಿ ಕೈಯಲ್ಲಿ ಸುತ್ತಿಕೊಳ್ಳುತ್ತಿದ್ದರು. ಆಮೇಲಿನ ವಾರಗಳಲ್ಲಿ ಅಧ್ಯಕ್ಷರು ಎದ್ದುನಿಂತು, “ಆ ಚೀಟಿ ಎಲ್ಲಿಗೆ ಬಂತು?” ಎಂದು ಎಲ್ಲರನ್ನೂ ಕೇಳಿದಂತೆ ಇವರನ್ನೂ ಕೇಳುತ್ತಿದ್ದರು. “ಇನ್ನೂ ಇಲ್ಲ ಸಾರ್,” ಎನ್ನುತ್ತಿದ್ದರು ಇವರು, ತಾವೇ ಅವಸರ ಮಾಡುತ್ತಿರುವವರಂತೆ ಕುಗ್ಗಿ. ವರ್ಷ ಮುಗಿಯಲು ಬಂದಿತ್ತು. ಒಬ್ಬ ಮನುಷ್ಯ ಸಾಯಲಿ ಎಂದು ಬಯಸಬಾರದು. ಕುರ್ಚಿ ಹೋಗಲಿ ಎಂದೂ ಬಯಸಲಾಗದು. ಅವರು ನಿದ್ದೆಗೆಟ್ಟರು, ಮೂರು ಕೆಜಿ ಇಳಿದರು. ‘ಟೆನ್ಷನ್ ತಗೋಬೇಡಿ’ ಎಂದು ಅಧ್ಯಕ್ಷರು ಅವರಿಗೊಂದು ಪಾಲಿಸಿಯ ಕಾಗದ ಕೊಟ್ಟರು.

ಕುರ್ಚಿ ನವೀಕರಣಕ್ಕೆ ಒಂಬತ್ತು ದಿನವಿದ್ದಾಗ ಅಣ್ಣ ಹೋದರು. ವ್ಯಾನ್ ಹೋಯಿತು.

ನವೀಕರಣದ ದಿನ ಟೈಲ್ಸ್ ಅಂಗಡಿಯವರೇ ಎದ್ದು ನಿಂತರು. “ನನ್ನ ಚೀಟಿಯ ಕೆಲಸ ಪೂರ್ತಿ ಆಯ್ತು. ಹೇಳಿದ ಟೈಮಿಗೆ ಬಂದ್ರು, ಒಂದು ಚೂರೂ ಕುಲುಕಲಿಲ್ಲ. ನಮ್ಮಣ್ಣಂಗೆ ಕೊನೇವರೆಗೂ ಏನೂ ಗೊತ್ತಾಗದ ಹಾಗೆ ನೋಡ್ಕೊಂಡ್ವಿ. ನಗ್ತಾನೇ ಹೋದ. ನಮಗೆ ಅದೊಂದೇ ಸಮಾಧಾನ,” ಎಂದು ಕಣ್ಣೊರೆಸಿಕೊಂಡರು.

ಪೂರ್ತಿಯಾದ ಚೀಟಿಗೆ ಚಪ್ಪಾಳೆ ತಟ್ಟುವುದು ನಮ್ಮ ವಾಡಿಕೆ. ಅಧ್ಯಕ್ಷರು ಶುರುಮಾಡಿದರು, ಉಳಿದವರು ಹಿಂಬಾಲಿಸಿದರು. ನಾನೂ ತಟ್ಟಿದೆ. ಶವವಾಹನದವರು ಕೈಮುಗಿದುಕೊಂಡು ನಿಂತೇ ಇದ್ದರು. ವಿನಯವೆಂದುಕೊಂಡು ಮಂದಿ ಇನ್ನೂ ಜೋರಾಗಿ ತಟ್ಟಿದರು.

ಕುರ್ಚಿ ಒಮ್ಮತದಿಂದ ಉಳಿಯಿತು. ನಂಬಿಕೆಯೂ ಬಂದಿತ್ತೆನ್ನಿ, ಅವತ್ತೊಂದೇ ದಿನ ಅವರಿಗೆ ಮೂರು ಚೀಟಿ. ಹಲ್ಲಿನ ಡಾಕ್ಟರದೂ ಒಂದು, ಮಾವನವರ ಹೆಸರಿನಲ್ಲಿ.

ಮೆಟ್ಟಿಲ ಹತ್ತಿರ ಶವವಾಹನದವರು ನನ್ನನ್ನು ತಡೆದರು. ಮೂರೂ ಚೀಟಿಗಳನ್ನು ನನ್ನ ಮುಂದೆ ಚಾಚಿದರು. “ಸಾರ್, ನಾಳೆಯೊಳಗೆ ಫೋನ್ ಮಾಡ್ಬೇಕಲ್ಲ. ನನ್ನ ಕೈಲಿ ಆಗ್ತಿಲ್ಲ. ಈ ಮೂರು ನೀವು ಮಾಡ್ಕೊಡ್ತೀರಾ?”

ಪ್ರೆಸ್ಸಿನಲ್ಲಿ ಅರ್ಜೆಂಟ್ ಕೆಲಸವಿದೆ ಎಂದು ಹೇಳಿ ನಾನು ಕೆಳಗಿಳಿದೆ.