ಜೇಬೆಜ್ ಟಪ್ಪರನ ಕಣ್ಣಿಗೆ ಬೀಳದ ಹೆಂಗಸು

ನಮ್ಮ ಎಲ್ಡರ್‌ಫೀಲ್ಡಿನಲ್ಲಿ ಏನಾದರೂ ಕಳೆದುಹೋದರೆ ಜನ ದೇವರಿಗಿಂತ ಮೊದಲು ಜೇಬೆಜ್ ಟಪ್ಪರನನ್ನು ನೆನೆಯುತ್ತಿದ್ದರು. ತಪ್ಪಿಸಿಕೊಂಡ ಹಂದಿ, ಎದ್ದುಹೋದ ಜೇನು, ಹುಲ್ಲಿನಲ್ಲಿ ಮರೆತ ಕೊಡಲಿ, ಎಲ್ಲ ಅವನ ಕಣ್ಣಿಗೆ ಬೀಳುತ್ತಿದ್ದವು. ಒಮ್ಮೆ ಪಾದ್ರಿಗಳ ವಿಗ್ಗು ಕಾಣೆಯಾದಾಗ ನರಿಯ ಬಿಲಕ್ಕೆ ಕೈಹಾಕಿ ಎಳೆದು ತಂದ. ಪಾದ್ರಿಗಳು ಅದನ್ನು ತೊಳೆಸಿ ಮುಂದಿನ ಭಾನುವಾರ ತಲೆಗೇರಿಸಿಕೊಂಡರು. ಸಭಾಮಂದಿರಕ್ಕೆ ಬಂದ ನಾಯಿಗಳೆಲ್ಲ ಉಪದೇಶ ಮುಗಿಯುವವರೆಗೂ ಅವರನ್ನೇ ನೋಡುತ್ತಿದ್ದವು.

ಇಂಥವನಿಗೆ ಒಂದು ವರ್ಷ ಒಬ್ಬ ಹೆಂಗಸು ಕಾಣಿಸಲಿಲ್ಲ. ಆಕೆ ಐದೂಮುಕ್ಕಾಲು ಅಡಿ ಎತ್ತರ, ತಲೆಗೂದಲು ಕೆಂಪು, ದನಿ ಮೂರು ಹೊಲದಾಚೆ ಕೇಳುವಂಥದ್ದು. ಊರಿಗೆ ಇಪ್ಪತ್ತಾರು ವರ್ಷ ಗುಮಾಸ್ತನಾಗಿದ್ದವನು ನಾನು. ಪುಸ್ತಕದಲ್ಲಿ ಬರೆದದ್ದೂ ನಾನೇ, ಬರೆಯದೆ ಬಿಟ್ಟದ್ದೂ ನಾನೇ, ಆದ್ದರಿಂದ ಈ ಕಥೆ ಹೇಳುವ ಹಕ್ಕು ನನ್ನದು.

ಜೇಬೆಜ್‌ಗೆ ಆಗ ನಲವತ್ತು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಅವಸರವೂ ಇಲ್ಲ. ಗುಡ್ಡದ ಕೆಳಗೆ ಒಂದು ಹುಲ್ಲುಗಾವಲು, ಎರಡು ಎತ್ತು. ಗುಡ್ಡದ ಮೇಲೆ ಡೀಕನ್ ಸೈಲಸ್ ಬಾರ್ಲೋ ಅವರ ಮನೆ. ಡೀಕನ್ನರು ಇಗರ್ಜಿಗೂ ಹಿರಿಯರು, ಊರ ಆಡಳಿತಕ್ಕೂ ಹಿರಿಯರು. ಎರಡು ಹಿರಿತನ ಒಂದೇ ತಲೆಗೇರಿದರೆ ಕತ್ತು ಗಟ್ಟಿಯಾಗುವುದು ಸಹಜ.

ಅವರಿಬ್ಬರ ಜಗಳ ಶುರುವಾದದ್ದು ಒಂದು ಗಾಡಿ ಹುಲ್ಲಿನಿಂದ. ನಮ್ಮಲ್ಲಿ ಸಬ್ಬತ್ತು, ಅಂದರೆ ದೇವರ ವಿಶ್ರಾಂತಿಯ ದಿನ, ಶನಿವಾರ ಸೂರ್ಯ ಮುಳುಗಿದೊಡನೆ ಶುರು. ಆಮೇಲೆ ಭಾನುವಾರದ ಸಂಜೆಯವರೆಗೆ ಯಾವ ಕೆಲಸವೂ ಕೂಡದು, ಊರಿನ ಯಾವ ಕಾಗದವನ್ನೂ ಯಾರಿಗೂ ಓದಿ ಜಾರಿ ಮಾಡಕೂಡದು. ಒಂದು ಜುಲೈ ಶನಿವಾರ ದೂರದಲ್ಲಿ ಮಳೆಮೋಡ ಏಳುತ್ತಿತ್ತು. ಜೇಬೆಜ್ ಕೊನೆಯ ಗಾಡಿಗೆ ಹುಲ್ಲು ತುಂಬುತ್ತಿದ್ದ. ಗುಡ್ಡದ ತುದಿಯಲ್ಲಿ ಬಿಸಿಲು ಇನ್ನೂ ಇತ್ತು, ಅವನ ಗಾವಲಿಗೆ ಮಾತ್ರ ನೆರಳು ಬಂದಿತ್ತು. ಡೀಕನ್ನರು ಕೋಲೂರಿಕೊಂಡು ಇಳಿದು ಬಂದು, “ಯಾರು ಎಲ್ಲಿ ನಿಂತಿರ್ತಾರೋ ಅಲ್ಲಿಗೆ ಸೂರ್ಯ ಮರೆಯಾದ್ರೆ ಅವರಿಗೆ ಸಬ್ಬತ್ತು. ನಿಲ್ಸು ಗಾಡಿ,” ಎಂದರು. ಹುಲ್ಲು ಮಳೆಗೆ ಕೊಳೆಯಿತು, ಮೇಲೆ ದಂಡವೂ ಬಿತ್ತು. ಡೀಕನ್ನರ ಆ ತೀರ್ಪನ್ನು ಅವರು ಹೇಳಿದ ಮಾತಿನಲ್ಲೇ ಪುಸ್ತಕಕ್ಕೆ ಇಳಿಸಿದೆ.

ಮುಂದಿನ ಮಾರ್ಚಿನ ಊರ ವಾರ್ಷಿಕ ಸಭೆಯಲ್ಲಿ ಡೀಕನ್ನರು ಜೇಬೆಜ್‌ನನ್ನು ಕಾನ್‌ಸ್ಟೇಬಲ್ ಮಾಡಿಸಿದರು. ಗೌರವಕ್ಕಲ್ಲ. ನೆರೆಯವರ ಮನೆಗೆ ಹೋಗಿ ಕಂದಾಯ ಕೇಳಬೇಕು, ಕೊಡದಿದ್ದರೆ ಅವರ ಹಸು ಎಳೆದು ತರಬೇಕು, ಯಾರಿಗೆ ಬೇಕು ಆ ಕೆಲಸ? “ಎಲ್ಲ ಹುಡುಕೋನು ಅವನೇ ತಾನೆ, ಅವನೇ ಆಗ್ಲಿ,” ಎಂದರು ಡೀಕನ್ನರು. ಎಲ್ಲರ ಕೈಯೂ ಮೇಲೆದ್ದಿತು. ನನ್ನದೂ ಎದ್ದಿತು, ಇಲ್ಲದಿದ್ದರೆ ಆ ಕೆಲಸ ನನ್ನ ಕೊರಳಿಗೆ ಬೀಳುತ್ತಿತ್ತು.

ಆ ಅಕ್ಟೋಬರಿನಲ್ಲಿ ಮೆಹಿಟಬಲ್ ಡೋನ್ ಬಂದಳು. ಸಮುದ್ರದ ಕಡೆಯವಳು, ಗಂಡ ಮೀನಿನ ದೋಣಿಯಲ್ಲಿ ಹೋದವನು ಮರಳಿರಲಿಲ್ಲ. ಒಂದು ಹಸು, ಒಂದು ಬೆಕ್ಕು, ಬಿಚ್ಚಿ ಕಟ್ಟಿದ ಮಗ್ಗ, ಇಷ್ಟರೊಂದಿಗೆ ಗುಡ್ಡದ ಬುಡದ ಖಾಲಿ ಗುಡಿಸಲಿಗೆ ಬಾಡಿಗೆಗೆ ಸೇರಿದಳು.

ಹೊರಗಿನವರು ಒಂದು ವರ್ಷ ನೆಲೆನಿಂತರೆ ಊರಿನವರಾಗುತ್ತಾರೆ. ಆಮೇಲೆ ಅವರು ಹಾಸಿಗೆ ಹಿಡಿದರೆ, ಹಸಿದರೆ, ಊರೇ ನೋಡಿಕೊಳ್ಳಬೇಕು. ಅದಕ್ಕೇ ಊರು ಬಿಡು ಕಾಗದ ಎಂಬುದೊಂದಿತ್ತು. ಕಾನ್‌ಸ್ಟೇಬಲ್ ಅದನ್ನು ವರ್ಷದೊಳಗೆ ಅವರೆದುರು ನಿಂತು, ಅವರ ಕಿವಿಗೆ ಬೀಳುವಂತೆ ಓದಬೇಕು. ಓದಿದರೆ ಅವರು ಎಂದೆಂದಿಗೂ ಹೊರಗಿನವರು. ಯಾವ ಚಳಿಗಾಲದಲ್ಲಾದರೂ ಗಾಡಿಗೆ ಹಾಕಿ ಬಂದ ಊರಿಗೆ ಸಾಗಿಸಬಹುದು. ಮೆಹಿಟಬಲ್‌ಗೆ ಹಿಂದಿನ ಊರಿನಲ್ಲಿ ಉಳಿದದ್ದು ಗಂಡನ ಅಣ್ಣತಮ್ಮಂದಿರು ಮಾತ್ರ, ಮನೆಯಿಂದ ಹೊರಗೆ ಹಾಕಿದ್ದೂ ಅವರೇ.

ಡೀಕನ್ನರು ಕಾಗದ ಬರೆಸಿ ಜೇಬೆಜ್‌ನ ಕೈಗಿತ್ತರು. ವಾರದ ಮೇಲೆ ಅವನು ಬಂದು, “ಸಿಗಲಿಲ್ಲ,” ಎಂದ.

ಅವನದು ಕರುಣೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಅದು ಹಗೆ, ಕೊಳೆತ ಹುಲ್ಲಿನ ಹಗೆ. ಡೀಕನ್ನರು ಹೇಳಿದ ಕೆಲಸ ಆಗಬಾರದು, ಅಷ್ಟೇ. ಮೆಹಿಟಬಲ್ ಗಿರಣಿಗೆ ಹೋದಾಗ ಅವಳ ಬಾಗಿಲು ತಟ್ಟುತ್ತಿದ್ದ. ಅವಳು ಮನೆಯಲ್ಲಿದ್ದಾಗ ಗಿರಣಿಯಲ್ಲಿ ಹುಡುಕುತ್ತಿದ್ದ. ದಾರಿಯಲ್ಲಿ ಎದುರಾದರೆ ಆಕಾಶ ನೋಡಿ ಬಾತುಕೋಳಿ ಎಣಿಸುತ್ತಿದ್ದ. ಭಾನುವಾರ ಸಭಾಮಂದಿರದಲ್ಲಿ ಅವಳ ಹಿಂದಿನ ಬೆಂಚಿನಲ್ಲೇ ಕೂತು, ಡೀಕನ್ನರು ಕಣ್ಣು ಕೆಂಪಗೆ ಮಾಡಿ ನೋಡಿದರೆ ಭಕ್ತಿಯಿಂದ ತಲೆ ತಗ್ಗಿಸುತ್ತಿದ್ದ. ಸಬ್ಬತ್ತಿನ ದಿನ ಕಾಗದ ಓದುವಂತಿಲ್ಲವಲ್ಲ.

“ನರಿ ಬಿಲದಲ್ಲಿ ವಿಗ್ಗು ಸಿಗುತ್ತೆ, ಇಷ್ಟೆತ್ತರದ ಹೆಂಗಸು ಸಿಗಲ್ವೇನಯ್ಯ?” ಎಂದು ಡೀಕನ್ನರು ಗುಡುಗಿದರು.

“ವಿಗ್ಗು ಇದ್ದ ಕಡೆ ಇರುತ್ತೆ, ಡೀಕನ್‌ರೇ. ಹೆಂಗಸರು ಓಡಾಡ್ತಾರೆ.”

ಎಲ್ಲರಿಗಿಂತ ಹೆಚ್ಚು ಸಿಟ್ಟಾದವಳು ಮೆಹಿಟಬಲ್. ಒಂದು ದಿನ ನನ್ನ ಮನೆಯ ಮುಂದೆಯೇ ಅವನನ್ನು ಅಡ್ಡಗಟ್ಟಿದಳು.

“ಏನಯ್ಯಾ ಟಪ್ಪರ್, ಕಂಡೂ ಕಾಣದ ಹಾಗೆ ಹೋಗ್ತೀಯಲ್ಲ, ನಾನೇನು ದೆವ್ವನಾ? ಕಾಗದ ಇದ್ರೆ ಓದು. ನಾನು ಯಾರಿಗೂ ಹೆದರಿ ಬಚ್ಚಿಟ್ಕೊಳ್ಳೋಳಲ್ಲ.”

ಜೇಬೆಜ್ ನನ್ನ ಕಡೆ ತಿರುಗಿ, “ಗುಮಾಸ್ತರೇ, ಎಲ್ಲಿಂದಲೋ ಗಾಳಿ ಜೋರಾಗಿ ಬೀಸ್ತಾ ಇದೆ, ಅಲ್ವಾ?” ಎಂದ. ಆ ಗಾಳಿ ತನ್ನ ಕೈಯಲ್ಲಿದ್ದ ಬುಟ್ಟಿಯಿಂದ ಅವನ ಬೆನ್ನಿಗೊಂದು ಕೊಟ್ಟು ಹೋಯಿತು.

ನವೆಂಬರಿನ ಒಂದು ಬೆಳಿಗ್ಗೆ ಅವಳು ಮನೆಯಲ್ಲಿಲ್ಲವೆಂದು ತಪ್ಪು ಲೆಕ್ಕ ಹಾಕಿ ಹೋದ. ಗುಡಿಸಲಿನ ಹಿಂದೆ ಅವಳು ಮಂಡಿಯೂರಿ ಕೂತಿದ್ದಳಂತೆ. ರಸ ಹಿಂಡಿ ಬಿಸಾಡಿದ ಸೇಬಿನ ಸಿಪ್ಪೆಯಿಂದ ಬೀಜ ಆರಿಸಿ, ಹೆಪ್ಪುಗಟ್ಟುತ್ತಿದ್ದ ನೆಲವನ್ನು ಬೆರಳಲ್ಲೇ ತೋಡಿ, ಸಾಲಾಗಿ ಹಾಕುತ್ತಿದ್ದಳು. ಸೇಬು ಬೀಜದಿಂದ ಮರವಾಗಿ ಕಾಯಿ ಬಿಡಲು ಎಂಟು ವರ್ಷ ಬೇಕು. ಆ ದಿನ ಜೇಬೆಜ್ ಕೆಮ್ಮದೆ, ಹೆಜ್ಜೆ ಸದ್ದು ಮಾಡದೆ ಹಿಂದಿರುಗಿ ಬಂದು ನಮ್ಮ ಅಡಿಗೆಮನೆಯಲ್ಲಿ ಕೂತ.

“ಗುಮಾಸ್ತರೇ, ಇದು ಇನ್ನು ತಮಾಷೆ ಅಲ್ಲ,” ಎಂದ. “ಆಯಮ್ಮ ಇಲ್ಲೇ ಇರ್ಬೇಕು.”

ನನಗೂ ಹಾಗೇ ಅನ್ನಿಸಿತು. ಅಂದಿನಿಂದ ನಾನೂ ಕಳ್ಳನ ಜೊತೆಗಾರನಾದೆ. ಕಾಗದ ಮಾಸಿದೆಯೆಂದು ಅದನ್ನು ಹೊಸದಾಗಿ ಬರೆದುಕೊಟ್ಟೆ. ಹಳೆಯದು ಹತ್ತು ಸಾಲಿತ್ತು, ಹೊಸದು ನಾಲ್ಕು ಪುಟವಾಯಿತು. ಆಗ ಈ ವಸಾಹತನ್ನು ಆಳುತ್ತಿದ್ದ ಬ್ರಿಟನ್ ದೊರೆಯ ಬಿರುದುಗಳನ್ನೆಲ್ಲ ಸೇರಿಸಿದೆ, ಊರಿನ ನಾಲ್ಕು ಗಡಿಗಳನ್ನು ಕಲ್ಲು ಕಲ್ಲಾಗಿ ವಿವರಿಸಿದೆ. ಊರು ಬಿಡು ಎಂಬ ಮಾತು ಕೊನೆಯ ಸಾಲಿನಲ್ಲಿತ್ತು. ಡೀಕನ್ನರು ಓದಿ ನೋಡಿ, ಈಗ ಇದಕ್ಕೊಂದು ಗಾಂಭೀರ್ಯ ಬಂತು ಎಂದು ಮೆಚ್ಚಿದರು.

ಮಾರ್ಚಿನಲ್ಲಿ ಕಾನ್‌ಸ್ಟೇಬಲನನ್ನು ಬದಲಿಸಲು ಹೊರಟರು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಎಲ್ಲರೂ ತಮ್ಮ ಬೂಟು ನೋಡಿಕೊಂಡು, “ಟಪ್ಪರನೇ ಇರ್ಲಿ,” ಎಂದರು. ಬಿತ್ತನೆ ಬಂತು, ಕೊಯ್ಲು ಬಂತು, ಮೆಹಿಟಬಲ್ ನೇಯ್ದ ಹೊದಿಕೆಗಳು ಅರ್ಧ ಊರಿನ ಹಾಸಿಗೆ ಸೇರಿದವು. ಹೆಂಗಸು ಮಾತ್ರ ಸಿಗಲಿಲ್ಲ.

ವರ್ಷ ತುಂಬುವ ಕೊನೆಯ ದಿನ ಶನಿವಾರ ಬಿತ್ತು. ಬೆಳಗಾಗುತ್ತಲೇ ಡೀಕನ್ನರು ತಾವೇ ಜೊತೆಗೆ ಹೋಗಿ ಓದಿಸುತ್ತೇನೆಂದು ಹೊರಟರೆ ಕಾನ್‌ಸ್ಟೇಬಲನೇ ಕಾಣೆ. ಗಾವಲು, ಗಿರಣಿ, ಕಮ್ಮಾರನ ಮನೆ ಎಲ್ಲ ತಡಕಿದರು. ನನ್ನ ಮನೆಗೂ ಬಂದರು.

“ಟಪ್ಪರನ್ನ ನೋಡಿದ್ರಾ?”

“ಕಳೆದದ್ದನ್ನ ಹುಡುಕೋಕೆ ಅವನನ್ನೇ ಕರೀಬೇಕು, ಡೀಕನ್‌ರೇ,” ಎಂದೆ. ಅವನು ನನ್ನ ಸೇಬಿನ ರಸದ ಕೊಟ್ಟಿಗೆಯಲ್ಲಿ ಪೀಪಾಯಿಗಳ ಹಿಂದಿದ್ದ. ರೊಟ್ಟಿ, ಗಿಣ್ಣು ಕೊಟ್ಟು ಬಂದಿದ್ದೆ. ಹುಳಿತು ಅಮಲೇರಿಸುವ ರಸದ ಪೀಪಾಯಿ ಪಕ್ಕದಲ್ಲಿದ್ದರೆ ಬಾಯಾರಿಕೆಗೇನು ಕೊರತೆ? ಮಧ್ಯಾಹ್ನ ಇಳಿಯುವ ಹೊತ್ತಿಗೆ ಗೊರಕೆ ರಸ್ತೆಗೆ ಕೇಳಿಸಿತು. ಡೀಕನ್ನರು ಕಿವಿ ಹಿಡಿಯದಿದ್ದರೂ ಹೆಚ್ಚುಕಡಿಮೆ ಹಾಗೇ ಹೊರಗೆಳೆದು ತಂದರು.

ಗುಡಿಸಲಿಗೆ ಮುಕ್ಕಾಲು ಮೈಲಿ. ಜೇಬೆಜ್‌ನ ಬೂಟಿಗೆ ಮೂರು ಸಲ ಕಲ್ಲು ಹೊಕ್ಕಿತು. ಊರೇ ಹಿಂದೆ ಬಂತು. ಮೆಹಿಟಬಲ್ ಬಾಗಿಲಲ್ಲೇ ನಿಂತಿದ್ದಳು, ಮುಖ ಬಿಳಿಚಿತ್ತು.

“ಇವತ್ತು ನಾನು ಕಾಣಿಸಿದ್ನಾ?” ಎಂದಳು ಜೇಬೆಜ್‌ನನ್ನು ನೋಡಿ.

“ಕಾಣಿಸಿದ್ರಿ ತಾಯಿ,” ಎಂದ ಅವನು. ಆ ದನಿಯಲ್ಲಿ ತಮಾಷೆ ಇರಲಿಲ್ಲ.

ಓದಲು ಶುರುಮಾಡಿದ. ಗ್ರೇಟ್ ಬ್ರಿಟನ್, ಐರ್ಲೆಂಡು, ಬಿರುದಿಗಷ್ಟೇ ಉಳಿದ ಫ್ರಾನ್ಸ್, ಇವುಗಳ ದೊರೆಯ ಹೆಸರಿಗೆ ಟೋಪಿ ತೆಗೆದ, ಪುನಃ ಹಾಕಿಕೊಂಡ. ಉತ್ತರದ ಗಡಿಯ ಕಲ್ಲು ಬಂದಾಗ, ಅದು ಬಿಳಿ ಓಕ್ ಮರದಿಂದ ಎಡಕ್ಕೋ ಬಲಕ್ಕೋ ಎಂದು ಗುಂಪಿನಲ್ಲಿದ್ದ ಮುದುಕರಿಬ್ಬರು ವಾದಕ್ಕಿಳಿದರು. “ನಿಲ್ಸದೆ ಓದು!” ಎಂದರು ಡೀಕನ್ನರು. ಮೂರನೆಯ ಪುಟ ಮುಗಿದು ನಾಲ್ಕನೆಯದು ತಿರುವಿದಾಗ ಗುಡ್ಡದ ನೆರಳು ಅಂಗಳ ದಾಟಿ ನಮ್ಮೆಲ್ಲರ ಕಾಲ ಮೇಲೆ ಬಂತು, ಎದೆಗೇರಿತು, ಕಾಗದದ ಮೇಲೂ ಬಿತ್ತು. ಜೇಬೆಜ್ ತಲೆಯೆತ್ತಿ ಸೂರ್ಯನನ್ನು ಹುಡುಕಿದ. ಆಮೇಲೆ ಕಾಗದ ಮಡಿಸಿದ.

“ಏನದು? ಓದು!”

“ಸಬ್ಬತ್ತು ಬಂತು, ಡೀಕನ್‌ರೇ.”

“ಎಲ್ಲಿ ಬಂತು? ನೋಡಲ್ಲಿ, ನಮ್ಮನೆ ಚಿಮಣಿ ಮೇಲೆ ಇನ್ನೂ ಬಿಸಿಲಿದೆ!”

“ನಾನು ನಿಂತಿರೋದು ಚಿಮಣಿ ಮೇಲಲ್ಲ.”

ಯಾರೂ ನಗಲಿಲ್ಲ. ನಕ್ಕರೆ ಕೆಡುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಡೀಕನ್ನರು ನನ್ನತ್ತ ತಿರುಗಿದರು.

“ನೀವು ಹೇಳಿದ್ದೇ ಪುಸ್ತಕದಲ್ಲಿದೆ,” ಎಂದೆ. “ಈಗ ತಂದು ತೋರಿಸಿದ್ರೆ ಅದೂ ಕೆಲಸವಾಗುತ್ತೆ. ಸೋಮವಾರ ತರ್ತೀನಿ.”

ಸೋಮವಾರಕ್ಕೆ ವರ್ಷ ದಾಟಿರುತ್ತಿತ್ತು. ಓದು ಎಂದು ಇನ್ನೊಂದು ಸಲ ಗದರಿದ್ದರೆ ಜೇಬೆಜ್ ಓದಬೇಕಾಗುತ್ತಿತ್ತೋ ಏನೋ. ಡೀಕನ್ನರ ಬಗ್ಗೆ ನಾನು ಏನೇ ಆಡಿಕೊಂಡಿರಲಿ, ಪರರಿಗೊಂದು ತನಗೊಂದು ನ್ಯಾಯ ಮಾಡುವ ಮನುಷ್ಯ ಅವರಲ್ಲ. ಟೋಪಿ ತೆಗೆದು, “ಸಬ್ಬತ್ತು ಬಂತು,” ಎಂದು ತಾವೇ ಹೇಳಿ ಗುಡ್ಡ ಹತ್ತಿದರು. ಮೆಹಿಟಬಲ್ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ಆಮೇಲೆ ಎದ್ದು, ಒಲೆಯಲ್ಲಿದ್ದ ಬೀನ್ಸ್ ಕಾಳು, ಹಂದಿಮಾಂಸ ಬಡಿಸಿದಳು. ಉಪ್ಪು ಜಾಸ್ತಿಯಾಗಿತ್ತು. ಜೇಬೆಜ್ ಎರಡು ತಟ್ಟೆ ತಿಂದು ಅದನ್ನೇ ದೂರಿದ.

ಅವರಿಬ್ಬರೂ ಮದುವೆಯಾದರೆಂದು ನೀವು ಕಾಯುತ್ತಿದ್ದರೆ, ಆಗಲಿಲ್ಲ. ಒಮ್ಮೆ ಇವನು ಕೇಳಿದನಂತೆ, ಅವಳು ನಕ್ಕಳಂತೆ, ಇವನಿಗೂ ನಿರಾಳವಾಯಿತಂತೆ.

ಹದಿನಾಲ್ಕು ವರ್ಷದ ಮೇಲೆ ಜೇಬೆಜ್ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡ. ವೈದ್ಯರಿಗೆ ಗಾವಲು ಹೋಯಿತು, ಎತ್ತು ಹೋದವು. ಊರಿಗೆ ಹೊರೆಯಾಗುತ್ತಾಳೆಂದು ನಾವು ಯಾರಿಗೆ ಹೆದರಿದ್ದೆವೋ ಅವಳು ಹೊರೆಯಾಗಲಿಲ್ಲ. ಇವನಾದ. ದಿಕ್ಕಿಲ್ಲದವರನ್ನು ನಮ್ಮಲ್ಲಿ ಮಾರ್ಚ್ ಸಭೆಯಲ್ಲಿ ಹರಾಜು ಹಾಕುತ್ತಾರೆ. ವರ್ಷವಿಡೀ ಸಾಕಲು ಊರಿನಿಂದ ಎಲ್ಲರಿಗಿಂತ ಕಡಿಮೆ ಹಣ ಕೇಳಿದವರ ಪಾಲಿಗೆ ಅವರು. ಎಷ್ಟೋ ಜನರನ್ನು ಹಾಗೆ ಬರೆದುಕೊಂಡಿದ್ದೇನೆ. ಅಂದು ಕುರ್ಚಿಯಲ್ಲಿ ಹೊತ್ತು ತಂದ ಜೇಬೆಜ್‌ನನ್ನು ನೋಡಿದಾಗ ಮಾತ್ರ ನನಗೆ ಈ ಪದ್ಧತಿಯ ಮೇಲೆ, ನನ್ನ ಮೇಲೆ ಹೇಸಿಗೆಯಾಯಿತು.

ನಮ್ಮೂರಿನ ನೇಥನ್ ಕ್ರೇನ್ ಎಲ್ಲರಿಗಿಂತ ಕಡಿಮೆ ಮೊತ್ತ ಕೂಗಿದ. ಕ್ರೇನನ ಮನೆ ಸೇರಿದ ಬಡವರಿಗೆ ಊರು ಎರಡನೆಯ ವರ್ಷದ ಖರ್ಚು ಕೊಡಬೇಕಾದ ಸಂದರ್ಭವೇ ಬರುತ್ತಿರಲಿಲ್ಲ. ಆಗ ಬಾಗಿಲ ಬಳಿಯಿಂದ, ಮೂರು ಹೊಲದಾಚೆ ಕೇಳುವ ದನಿ ಬಂತು.

“ನಂಗೆ ಕೊಡಿ. ಒಂದು ಕಾಸೂ ಬೇಡ.”

ಕ್ರೇನ್ ಎದ್ದ. “ಊರಿನೋರಿಗೆ ಮಾತ್ರ ಕೊಡೋದು ಪದ್ಧತಿ. ಈಯಮ್ಮ ಸಮುದ್ರದ ಕಡೆಯೋಳು. ಎಲ್ರಿಗೂ ಗೊತ್ತು.”

ಸಭೆ ನಡೆಸುತ್ತಿದ್ದವರು ಡೀಕನ್ನರೇ. ಎಪ್ಪತ್ತು ದಾಟಿತ್ತು. ಮೆಹಿಟಬಲ್‌ಳನ್ನು ನೋಡಿದರು, ಕುರ್ಚಿಯಲ್ಲಿದ್ದವನನ್ನು ಬಹಳ ಹೊತ್ತು ನೋಡಿದರು.

“ಗುಮಾಸ್ತರೇ, ಬರ್ಕೊಳ್ಳಿ,” ಎಂದರು. “ಮೆಹಿಟಬಲ್ ಡೋನ್. ಈ ಊರಿನವಳು.”

ನನ್ನ ಕಣ್ಣು ಮಂಜಾಗಿ ಸಾಲು ಸೊಟ್ಟಗಾಯಿತು. ಜೇಬೆಜ್ ಕುರ್ಚಿಯಿಂದ ಕೈಯನ್ನು ಕಿವಿಗೆ ಅಡ್ಡ ಹಿಡಿದ.

“ಡೀಕನ್‌ರೇ, ನನ್ನ ಕಿವಿ ಸ್ವಲ್ಪ ಮಂದ. ಇನ್ನೊಂದ್ಸಲ ಹೇಳಿ.”

ಡೀಕನ್ನರು ಇನ್ನೊಂದು ಸಲ ಹೇಳಿದರು, ಈ ಸಲ ಜೋರಾಗಿ.