ಸ್ಟಿಕ್ಕರಿನ ಮೇಲಿನ ವಿಭೂತಿ

ಆಗ ನನಗೆ ಐವತ್ತಾರು. ಅದಾಗಿ ಹದಿನಾರು ವರ್ಷವಾಯಿತು. ಈಗಿನ ವಯಸ್ಸನ್ನು ನೀವೇ ಕೂಡಿಸಿಕೊಳ್ಳಿ, ನನಗೆ ಅದರಲ್ಲಿ ಆಸಕ್ತಿಯಿಲ್ಲ.

ಹೋದ ಸೋಮವಾರ ಮನೆಗೆ ಗುಜರಿಯವನು ಬಂದಿದ್ದ. ತುಕ್ಕು ಹಿಡಿದ ಕೊಡ, ಕೆಟ್ಟ ಮಿಕ್ಸರು, ಕಾಲು ಮುರಿದ ಕುರ್ಚಿ ಎಲ್ಲ ಕೊಟ್ಟೆ. ಮೂಲೆಯಲ್ಲಿ ಅರಿವೆ ಹೊದಿಸಿಟ್ಟಿದ್ದ ಕಂಪ್ಯೂಟರಿನ ಡಬ್ಬಿಯ ಮೇಲೂ ಅವನ ಕಣ್ಣು ಬಿತ್ತು. ಅರಿವೆ ಜಗ್ಗಿ, ಡಬ್ಬಿಯನ್ನು ಪಕ್ಕಕ್ಕೆ ಹೊರಳಿಸಿದ. ಪಕ್ಕದಲ್ಲಿ ಅಂಗೈಗಿಂತ ಸಣ್ಣದೊಂದು ಕಾಗದದ ಸ್ಟಿಕ್ಕರು. ಅದರ ಮೇಲೆ ಮಾಸಿದ ಮೂರು ಬಿಳಿ ಗೆರೆ, ಗೆರೆಯ ಸುತ್ತ ಎಣ್ಣೆಯ ಕಲೆ. ಮೂಗು ಹತ್ತಿರ ಒಯ್ದರೆ ಕಮಟು ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ಇತ್ತು. “ಇದಕ್ಕೂ ಪೂಜಿ ಮಾಡೀರೇನು ಆಯಿ?” ಎಂದು ನಕ್ಕ. ನನಗೆ ನಗು ಬರಲಿಲ್ಲ. ಉಳಿದದ್ದು ಒಯ್ಯಿ, ಇದಕ್ಕೆ ನಾಳೆ ಬಾ ಎಂದು ಕಳಿಸಿದೆ.

ಆ ದಿನವೆಲ್ಲ ಒಂದು ಕಡೆ ಕೂರಲಾಗಲಿಲ್ಲ. ಕೂರಲಾಗದಿರುವುದು ನನಗೆ ಹೊಸದೇನಲ್ಲ. ಅಕ್ಕಿ ಆರಿಸಲು ಕೂತರೆ ನಡುವೆ ಎದ್ದು ಅಂಗಳ ಗುಡಿಸುತ್ತೇನೆ, ಗುಡಿಸುತ್ತಿದ್ದಾಗ ಬಾವಿಯ ಹಗ್ಗ ನೆನಪಾಗುತ್ತದೆ. ಈ ಬರಹವನ್ನೂ ನಾಲ್ಕು ಸಲ ಎದ್ದು ಬಂದು ಬರೆಯುತ್ತಿದ್ದೇನೆ. ನನ್ನ ಓದು ನಾಲ್ಕನೆಯ ಇಯತ್ತೆ. ಅಕ್ಷರ ದಪ್ಪ, ಸಾಲು ಸೊಟ್ಟ. ಓದುವವರು ಸುಧಾರಿಸಿಕೊಳ್ಳಬೇಕು.

ಸಿಂದಗಿಯಲ್ಲಿ ಬಸ್‌ ಸ್ಟ್ಯಾಂಡಿನ ರಸ್ತೆಗೆ ಮುಖ ಮಾಡಿದ ನಮ್ಮ ಮುಂದಿನ ಕೋಣೆಯನ್ನು ಶಂಕ್ರಪ್ಪನೆಂಬವನಿಗೆ ಬಾಡಿಗೆ ಕೊಟ್ಟಿದ್ದೆ. ಅವನದು ಕಂಪ್ಯೂಟರ್ ಅಂಗಡಿ. ಸಿಂದಗಿಯದಷ್ಟೇ ಅಲ್ಲ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯ ಗಿರಾಕಿಗಳೂ ಅವನಲ್ಲಿಗೇ ಬರುತ್ತಿದ್ದರು. ಕೋಣೆ ಕೊಟ್ಟ ಮೇಲೆ ಮಾಲಕಿಗೆ ಅಲ್ಲೇನು ಕೆಲಸ? ಏನೂ ಇಲ್ಲ. ಆದರೂ ನಾನು ದಿನಕ್ಕೆ ಹತ್ತು ಸಲ ಹೋಗಿ ನಿಲ್ಲುತ್ತಿದ್ದೆ. ಓಡಿಸಲು ಅವನಿಗೆ ಬಾಯಿ ಬರಲಿಲ್ಲ, ಹಾಗಾಗಿ ಕೆಲಸ ಕೊಟ್ಟ.

ಮೊದಲ ಕೆಲಸ ವಿಭೂತಿಯದು. ನಮ್ಮ ಕಡೆ ಟ್ರ್ಯಾಕ್ಟರು ತರಲಿ, ಹೊಲಿಗೆ ಯಂತ್ರ ತರಲಿ, ಹಣೆಗೆ ಹಚ್ಚಿದಂತೆ ಅದಕ್ಕೂ ಮೂರು ಬೆರಳು ವಿಭೂತಿ ಎಳೆಯದೆ ಮನೆಗೆ ಒಯ್ಯುವುದಿಲ್ಲ. ಕಂಪ್ಯೂಟರಿಗೆ ಯಾಕೆ ಬಿಟ್ಟಾರು? ಎಲ್ಲಿ ಹಚ್ಚುವುದು ಎಂಬುದೇ ತೊಡಕಾಗಿತ್ತು. ಡಬ್ಬಿಯ ಮುಂಭಾಗ ಕರಿ ಪ್ಲಾಸ್ಟಿಕ್ಕು, ನುಣುಪು. ಎಷ್ಟು ಕಲಸಿ ಹಚ್ಚಿದರೂ ಒಣಗಿ ಉದುರುತ್ತಿತ್ತು. ಗಿರಾಕಿಯ ಮುಖ ಸಣ್ಣಗಾಗುತ್ತಿತ್ತು. ಪಕ್ಕದ ತಗಡಿನ ಮೇಲೆ ಒಂದು ಕಾಗದದ ಸ್ಟಿಕ್ಕರು ಇರುವುದನ್ನು ನಾನೇ ಕಂಡುಹಿಡಿದೆ. ಕಾಗದ ವಿಭೂತಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅಂದಿನಿಂದ ನಾಲ್ಕು ತಾಲೂಕಿನ ಡಬ್ಬಿಗಳಿಗೂ ಅಲ್ಲೇ ಹಚ್ಚಿದೆ. ಜಾಣೆ ಎಂದುಕೊಂಡಿದ್ದೆ.

ಆ ಸ್ಟಿಕ್ಕರಿನ ಬೆಲೆ ಗೊತ್ತಾದದ್ದು ಹೊಸ ಓಎಸ್ ಬಂದ ಮೇಲೆ. ಓಎಸ್ ಎಂದರೇನೆಂದು ಶಂಕ್ರಪ್ಪ ನನಗೆ ಮೂರು ದಿನ ಹೇಳಿದ. ನಾನು ಗಿರಾಕಿಗಳಿಗೆ ಒಂದೇ ಮಾತಿನಲ್ಲಿ ಹೇಳುತ್ತಿದ್ದೆ: “ಮನಿ ನಿಮ್ಮದು ಹೊಸಾದು. ಒಳಗ ಇದ್ದು ಮನಿ ನಡಸಾಂವ ಹಳೇ ಬಾಡಿಗಿದಾಂವ. ಅವನ್ನ ಬಿಡಸಿ ಹೊಸಬನ್ನ ಕರಸಬೇಕು, ಅಷ್ಟ.” ಇತ್ತೀಚೆಗೆ ಡಬ್ಬಿ ಕೊಂಡವರಿಗೆ ಕಂಪನಿಯವರೇ ಹೊಸ ಓಎಸ್ ಕೊಡುತ್ತಾರೆಂದೂ, ಒಂದು ತಾರೀಖಿನೊಳಗೆ ಇಂಟರ್‌ನೆಟ್ಟಿನಲ್ಲಿ ಆರ್ಡರ್ ಹಾಕಬೇಕೆಂದೂ ಸುದ್ದಿ ಬಂತು. ಆರ್ಡರಿಗೆ ಬಿಲ್ಲು ಬೇಕು, ಪಕ್ಕದ ಸ್ಟಿಕ್ಕರಿನ ಮೇಲಿನ ಇಪ್ಪತ್ತೈದು ಅಕ್ಷರದ ನಂಬರೂ ಬೇಕು.

ಜನ ಒಂದು ತಿಂಗಳು ನಿದ್ದೆ ಮಾಡಲಿಲ್ಲ. ಮೊನ್ನೆಯಷ್ಟೇ ಹೆಮ್ಮೆಯಿಂದ ಒಯ್ದ ಡಬ್ಬಿ ಕೂತಲ್ಲೇ ಹಳೆಯದಾಗಿಬಿಟ್ಟಿತಲ್ಲ! ಇಂಡಿಯ ನಿಂಬೆಹಣ್ಣಿನ ವ್ಯಾಪಾರಿ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದ. ಗೊಳಸಂಗಿಯ ಮಾಸ್ತರರೊಬ್ಬರು ನಂಬರನ್ನು ಕಾಗದದ ಮೇಲೆ ಬರೆದು ತಂದರು, ಅದರಲ್ಲಿ ಇಪ್ಪತ್ಮೂರೇ ಅಕ್ಷರ ಇದ್ದವು. ಮರುದಿನ ಡಬ್ಬಿಯನ್ನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು.

ಹೀಗೆ ನನಗೆ ಎರಡನೆಯ ಕೆಲಸ ಬಂತು. ಆ ಅಕ್ಷರ ಸಾಸಿವೆಯಷ್ಟು ಸಣ್ಣ. ಶಂಕ್ರಪ್ಪನಿಗೆ ನಲವತ್ತು ದಾಟಿತ್ತು, ಹತ್ತಿರದ್ದು ಕಾಣುತ್ತಿರಲಿಲ್ಲ, ಚಷ್ಮಾ ಹಾಕಲು ನಾಚಿಕೆ. ನನ್ನ ಕಣ್ಣು ಹಾಗಲ್ಲ. ದೂರದ ಬಸ್ಸಿನ ಬೋರ್ಡು ಕಾಣದು, ಹತ್ತಿರ ಹಿಡಿದರೆ ಇರುವೆಯ ಕಾಲೂ ಕಾಣುತ್ತದೆ. ಅವನು ಇಂಗ್ಲಿಷ್ ಅಕ್ಷರಗಳನ್ನು ಹೇಳಿಕೊಟ್ಟ. ನಾನು ಕುಕ್ಕರಗಾಲಲ್ಲಿ ಕೂತು ಬಿ, ಕೆ, ಎಂಟು, ಡಬ್ಲ್ಯೂ ಎಂದು ಓದುತ್ತಿದ್ದೆ, ಅವನು ಒತ್ತುತ್ತಿದ್ದ. ಎಷ್ಟೋ ಡಬ್ಬಿ ಓದಿದೆ, ಒಂದರಲ್ಲೂ ಇಂಗ್ಲಿಷಿನ ಮೊದಲ ಅಕ್ಷರ ಬರಲಿಲ್ಲ. ಹಾಗಾಗಿ ಅದನ್ನು ಕಲಿಯಲೇ ಇಲ್ಲ. ಮೊದಲನೆಯದನ್ನು ಬಿಟ್ಟು ಎರಡನೆಯದರಿಂದ ಇಂಗ್ಲಿಷ್ ಕಲಿತವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಬಂದ ಡಬ್ಬಿಗಳ ಸ್ಟಿಕ್ಕರಿನ ಮೇಲೆ ವಿಭೂತಿ ಇರುತ್ತಿತ್ತು. ತೆಳುವಾಗಿ ಹಚ್ಚಿದ್ದು, ಒಣ ಅರಿವೆಯಿಂದ ಕೊಡವಿದರೆ ಹೋಗುತ್ತಿತ್ತು. ಆಗಲೇ ನನಗೆ ಬುದ್ಧಿ ಬರಬೇಕಾಗಿತ್ತು, ಬರಲಿಲ್ಲ.

ನಡುವೆ ಒಂದು ಮಾತು. ನನ್ನ ತವರು ಸಾಲೋಟಗಿ. ಅಲ್ಲಿ ಹಳೆಯ ಶಾಸನದ ಕಲ್ಲಿದೆ. ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ಯಾರೋ ಓದಿದವರು ಬಂದು, ಕಲ್ಲು ತೊಳೆದು, ಬಿಳಿ ಪುಡಿ ತಿಕ್ಕಿದರು. ಏನೂ ಕಾಣದ ಕಲ್ಲಿನಲ್ಲಿ ಅಕ್ಷರ ಎದ್ದು ನಿಂತವು. ಬಿಳಿ ಪುಡಿ ತಿಕ್ಕಿದರೆ ಅಕ್ಷರಕ್ಕೆ ಒಳ್ಳೆಯದೇ ಆಗುತ್ತದೆ ಎಂದು ನನ್ನ ತಲೆಯಲ್ಲಿ ಅಂದೇ ಕೂತಿತ್ತೋ ಏನೋ. ಕಲ್ಲಿನ ಬುದ್ಧಿ ಕಾಗದಕ್ಕೆ ನಡೆಯುವುದಿಲ್ಲ.

ರಜಿಯಾ ಕನ್ನೊಳ್ಳಿಯವಳು. ಮೂವತ್ತರ ಒಳಗಿನ ಹೆಣ್ಣು, ಗಂಡ ತೀರಿಕೊಂಡಿದ್ದ. ಊರಿನಲ್ಲಿ ಪಹಣಿ ತೆಗೆದುಕೊಡುವ, ಪಿಂಚಣಿಯ ಅರ್ಜಿ ತುಂಬುವ ಕೇಂದ್ರ ನಡೆಸಲು ಹೆಸರು ಕೊಟ್ಟಿದ್ದಳು. ಅದಕ್ಕೆಂದು ನಮ್ಮಲ್ಲಿ ಡಬ್ಬಿ ಕೊಂಡಳು. ವಿಭೂತಿಯ ಬಟ್ಟಲು ಹಿಡಿದು ನಾನು ಅನುಮಾನಿಸಿ ನಿಂತಾಗ ಅವಳೇ ಅಂದಳು: “ಎಲ್ಲಾರ ಡಬ್ಬಿಗೂ ಹಚ್ಚೀರಿ, ನನ್ನ ಡಬ್ಬಿ ಏನ್ ಪಾಪ ಮಾಡೈತ್ರಿ ಅವ್ವಾರ?” ಹಚ್ಚಿದೆ. ಕಡಿಮೆ ಹಚ್ಚಿದರೆ ಭೇದ ಮಾಡಿದಳು ಎಂದುಕೊಂಡಾಳೆಂದು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಬೇರೆಯವರಿಗಿಂತ ಎರಡು ಪಟ್ಟು ದಪ್ಪ ಎಳೆದೆ. ನನಗೆ ನಾನೇ ದೊಡ್ಡ ಮನಸ್ಸಿನವಳಾಗಿ ಕಂಡೆ.

ಬೇರೆಯವರಲ್ಲಿ ಎಷ್ಟೋ ಜನ ಎರಡು ದಿನಕ್ಕೆ ಒರೆಸಿಬಿಡುತ್ತಿದ್ದರು. ಅವಳು ಒರೆಸಲಿಲ್ಲ. ಹಿರಿಯಳು ಹಚ್ಚಿದ್ದು ಎಂದು ಹಾಗೇ ಬಿಟ್ಟಳು. ಕೇಂದ್ರದ ಕೆಲಸ ಹೊಸ ಓಎಸ್ಸಿನ ಮೇಲೆ ಮಾತ್ರ ನಡೆಯುತ್ತದೆ, ಸಾಹೇಬರು ನೋಡಲು ಬಂದಾಗ ಅದು ಇರಬೇಕು, ಇಲ್ಲದಿದ್ದರೆ ಕೇಂದ್ರ ಎರಡನೆಯ ಹೆಸರಿನವನಿಗೆ ಹೋಗುತ್ತದೆ ಎಂದು ಕಾಗದ ಬಂದಾಗ ಅವಳು ನಂಬರು ನೋಡಲು ಹೋದಳು. ವಿಭೂತಿ ಸಿಮೆಂಟಿನಂತೆ ಕೂತಿತ್ತು. ಒದ್ದೆ ಅರಿವೆಯಿಂದ ತಿಕ್ಕಿದಳು. ವಿಭೂತಿ ಅರ್ಧ ಹೋಯಿತು, ಅದರ ಜೊತೆ ಕೆಲವು ಅಕ್ಷರಗಳೂ ಹೋದವು.

ಅವಳು ಡಬ್ಬಿಯನ್ನು ಚಾದರದಲ್ಲಿ ಸುತ್ತಿಕೊಂಡು ಬಂದ ದಿನವೇ ಆರ್ಡರಿಗೆ ಕೊನೆಯ ದಿನ. ನಾನು ಸ್ಟಿಕ್ಕರಿಗೆ ಕಣ್ಣು ಹಚ್ಚಿದೆ. ಐದೈದು ಅಕ್ಷರದ ನಾಲ್ಕು ಗುಂಪು ಕಂಡವು. ಕೊನೆಯ ಐದು ಅಕ್ಷರದ ಜಾಗ ಬರೀ ಬೂದಿ. ಒಳಗೆ ಓಡಿ ಕೊಬ್ಬರಿ ಎಣ್ಣೆ ತಂದು ಬೆರಳ ತುದಿಯಿಂದ ಒತ್ತಿದೆ. ಎಣ್ಣೆ ಕುಡಿದರೆ ಬೂದಿ ತಿಳಿಯಾಗುತ್ತದೆ, ತಳದ್ದು ಕಾಣುತ್ತದೆ. ಎರಡು ಅಕ್ಷರ ಎದ್ದವು. ಉಳಿದ ಮೂರರ ಕೆಳಗೆ ಮಸಿಯೇ ಇರಲಿಲ್ಲ. ಯಂತ್ರದ ಒಳಗೊಂದು ನಂಬರು ಇರುತ್ತದಂತೆ, ಆದರೆ ಅದು ಬೇರೆ, ಫಾರ್ಮಿಗೆ ನಡೆಯದು ಎಂದು ಶಂಕ್ರಪ್ಪ ಹೇಳಿದ. ಅಷ್ಟರಲ್ಲಿ ಕರೆಂಟೂ ಹೋಯಿತು.

ಇನ್ನು ಕರೆಂಟು ಬರುವುದು ನಾಲ್ಕೂವರೆಗೆ. ಆ ಮೂರು ತಾಸನ್ನು ನಾನು ಈಗಲೂ ಮರೆತಿಲ್ಲ. ಶಂಕ್ರಪ್ಪ ಅವಳನ್ನು ಬೈದ. ಓದಿದ ಹೆಣ್ಣಾಗಿ ಒದ್ದೆ ಅರಿವೆಯಿಂದ ತಿಕ್ಕುತ್ತಾರೇನು ಎಂದ. ಅವಳು ತಲೆ ತಗ್ಗಿಸಿ ಹೌದು, ನನ್ನದೇ ತಪ್ಪು ಎಂದಳು. ನಾನು ಒಳಗೆ ಹೋದೆ. ಚಹಾ ಮಾಡಿ ತಂದೆ. ಅಂಗಡಿ ಗುಡಿಸಿದೆ. ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. ಹೊರಗೆ ಹೋಗಿ ರಸ್ತೆ ನೋಡಿ ಬಂದೆ. ರಸ್ತೆಯಲ್ಲೇನಿತ್ತು? ಒಳಗೆ ಬಂದಾಗಲೆಲ್ಲ ಅವಳು ಆ ಮೂರು ಗೆರೆಗಳನ್ನೇ ನೋಡುತ್ತಾ ಕೂತಿರುತ್ತಿದ್ದಳು. ಬಾಯಿ ಜೋರಿನ ಹೆಂಗಸೆಂದು ಊರಲ್ಲಿ ನನಗೆ ಹೆಸರಿದೆ. ಆ ಬಾಯಿ ಅವತ್ತು ಎಲ್ಲಿ ಹೋಗಿತ್ತೋ.

ನಾಲ್ಕರ ಸುಮಾರಿಗೆ ಅವಳು ಎದ್ದು ಚಾದರ ಮಡಚತೊಡಗಿದಳು. ಬಸ್ಸಿಗೆ ಹೊತ್ತಾಯಿತು, ಆಗದ್ದಕ್ಕೆ ಯಾಕೆ ಕೂರಲಿ ಎಂದಳು. ಆಗ ನನ್ನ ಬಾಯಿ ಬಿಚ್ಚಿತು.

“ಕೂಡು. ತಪ್ಪು ನಿಂದಲ್ಲ. ವಿಭೂತಿ ಹಚ್ಚಿದಾಕಿ ನಾನು. ನಂಬರಿನ ಮ್ಯಾಲ ಹಚ್ಚಿದಾಕಿನೂ ನಾನ.”

ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. “ಗೊತ್ತೈತ್ರಿ ಅವ್ವಾರ,” ಎಂದಳು. “ಇಷ್ಟು ಅಗಲ ಬೆರಳು ನಮ್ಮ ಮನ್ಯಾಗ ಯಾರಿಗೂ ಇಲ್ಲ.”

ಅವಳಿಗೆ ಮೊದಲಿನಿಂದ ಗೊತ್ತಿತ್ತು. ನನ್ನೆದುರಿಗೇ ಕೂತು, ಬೈಸಿಕೊಂಡು, ಹೇಳಿರಲಿಲ್ಲ. ನಾನೇ ಹೇಳಲಿ ಎಂದು ಕಾದಳೋ, ಹಿರಿಯಳೆಂದು ಬಿಟ್ಟಳೋ ಕೇಳಲಿಲ್ಲ. ಎರಡರಲ್ಲಿ ಯಾವುದೂ ನನಗೆ ಒಳ್ಳೆಯ ಉತ್ತರವಲ್ಲ.

ಈಗ ತಪ್ಪು ಯಾರದೆಂದು ಗೊತ್ತಾದರೆ ನಂಬರು ಬರುತ್ತದೇನು ಎಂದು ಶಂಕ್ರಪ್ಪ ಗೊಣಗಿದ. ಮಾತು ಸರಿಯಾಗಿತ್ತು. ನಾನು ಮೇಲಿನ ಹಲಗೆ ನೋಡಿದೆ. ಅಲ್ಲಿ ಇಂಥದೇ ಒಂದು ಡಬ್ಬಿ ಬಿಚ್ಚದೆ ಕೂತಿತ್ತು.

“ಅದನ್ನ ಇಳಸು,” ಎಂದೆ.

“ಅದು ಇಂಡಿಯವ್ರದು ಕಾಕಿ. ತಮ್ಮನ ಸಲುವಾಗಿ ಹೇಳ್ಯಾರ. ನಾಳಿ ಒಯ್ತಾರ.”

“ನಿಂಬಿಹಣ್ಣು ತೂಗಾಕ ಹೊಸಾ ಓಎಸ್ ಬೇಕಾಗಿಲ್ಲ. ಅವರಿಗೆ ಬ್ಯಾರೆ ತರಸು. ಇದನ್ನ ಈಕಿ ಹೆಸರಿಗೆ ಮಾಡು.”

“ಮತ್ತ ಈ ಬಳದದ್ದನ್ನ ಯಾರು ಒಯ್ತಾರ?”

“ನಾ ಒಯ್ತೇನಿ.”

“ನಿಮಗ್ಯಾಕ್ರಿ ಕಾಕಿ ಕಂಪ್ಯೂಟರ್?”

“ಬಾಡಿಗಿದಾಂವ ಮಾಲಕಿಗೆ ಕೇಳೂ ಮಾತಲ್ಲ ಇದು,” ಎಂದೆ.

ಅವನು ಇಳಿಸಿದ. ರಜಿಯಾ ಬೇಡವೆಂದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕರೆಂಟು ಬಂದಾಗ ಹೊಸ ಬಿಲ್ಲು ಸಿದ್ಧವಿತ್ತು. ನಾನು ಕುಕ್ಕರಗಾಲಲ್ಲಿ ಕೂತು ಓದಿದೆ. ಐದು ಅಕ್ಷರ ಓದುವುದು, ನಿಲ್ಲುವುದು, ಮತ್ತೆ ಐದು. ಒಂದೊಂದನ್ನೂ ಎರಡೆರಡು ಸಲ ಹೇಳಿದೆ. ಶಂಕ್ರಪ್ಪ ಅಂದು ಮೊದಲ ಸಲ ಎಲ್ಲರೆದುರಿಗೆ ಚಷ್ಮಾ ಹಾಕಿಕೊಂಡ. ಆರ್ಡರ್ ಸೇರಿತು ಎಂದು ಪರದೆಯ ಮೇಲೆ ಬಂದದ್ದನ್ನು ರಜಿಯಾ ಓದಿ ಹೇಳಿದಳು, ನನಗೆ ಅದು ಓದಲು ಬರುತ್ತಿರಲಿಲ್ಲ. ಅವಳು ಹೊಸ ಡಬ್ಬಿ ಸುತ್ತಿಕೊಂಡು ಬಸ್ಸು ಹಿಡಿದಳು. ವಿಭೂತಿ ಹಚ್ಚಿರೆಂದು ಅವಳು ಕೇಳಲಿಲ್ಲ, ನಾನೂ ಬಟ್ಟಲು ಮುಟ್ಟಲಿಲ್ಲ.

ಹದಿನೈದು ದಿನಕ್ಕೆ ಟಪಾಲಿನಲ್ಲಿ ತಟ್ಟೆಯಂಥ ಸೀಡಿ ಬಂತು. ಶಂಕ್ರಪ್ಪ ಕನ್ನೊಳ್ಳಿಗೆ ಹೋಗಿ ಹಾಕಿ ಬಂದ. ಸಾಹೇಬರು ಬಂದು, ಪ್ರಿಂಟರಿನಿಂದ ಒಂದು ಪಹಣಿ ಹೊರಬರುವುದನ್ನು ನೋಡಿ, ಚಹಾ ಕುಡಿದು ಹೋದರು. ಕೇಂದ್ರ ಅವಳಿಗೇ ಆಯಿತು, ಈಗಲೂ ಇದೆ. ಪೇಢೆ ತಂದು ಕೊಟ್ಟಿದ್ದಳು. ಸಕ್ಕರೆ ಜಾಸ್ತಿಯಾಗಿತ್ತು.

ಬಳಿದ ಡಬ್ಬಿ ನನ್ನ ಮೂಲೆಯಲ್ಲಿ ಹದಿನಾರು ವರ್ಷ ಕೂತಿತು. ಹಳೇ ಬಾಡಿಗೆದಾರನನ್ನು ಒಳಗೇ ಇಟ್ಟುಕೊಂಡು. ಒಂದು ದಿನವೂ ಅದನ್ನು ಚಾಲೂ ಮಾಡಲಿಲ್ಲ. ಗುಜರಿಯವನು ಮಂಗಳವಾರ ಬಂದ, ಕೊಟ್ಟುಬಿಟ್ಟೆ. ಇಟ್ಟುಕೊಂಡು ಏನು ಮಾಡಲಿ? ಒಂದು ದಿನ ತಡೆದದ್ದು ಆ ಗೆರೆಗಳ ಮೇಲೆ ನನ್ನ ಬೆರಳಿಟ್ಟು ನೋಡುವುದಕ್ಕೆ. ಇಟ್ಟೆ. ಮುದುಕಿಯಾಗಿ ಬೆರಳು ಸೊರಗಿವೆ. ಗೆರೆಯೇ ಅಗಲ ಉಳಿದಿದೆ.

ಹದಿನಾರು ವರ್ಷದ ಹಿಂದೆ, ರಜಿಯಾ ಹೊಸ ಡಬ್ಬಿ ಒಯ್ದ ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಮುದ್ದೇಬಿಹಾಳದಿಂದ ಗಂಡಹೆಂಡತಿ ಬಂದು ನಿಂತಿದ್ದರು, ತಮ್ಮ ಔಷಧ ಅಂಗಡಿಗೆ ಹೇಳಿದ್ದ ಕಂಪ್ಯೂಟರ್ ಒಯ್ಯಲು. ನಾನು ಶಂಕ್ರಪ್ಪನ ಕಿಸೆಯಿಂದ ಪೆನ್ನು ಕಿತ್ತುಕೊಂಡೆ. ಕುಕ್ಕರಗಾಲಲ್ಲಿ ಕೂತು, ಪಕ್ಕದ ಸ್ಟಿಕ್ಕರಿನ ಇಪ್ಪತ್ತೈದು ಅಕ್ಷರಗಳನ್ನು ಅವರ ಬಿಲ್ಲಿನ ಬೆನ್ನಿಗೆ ಇಳಿಸಿದೆ. ಅಲ್ಲಿಯವರೆಗೆ ಓದಿದ್ದೆ, ಬರೆದಿರಲಿಲ್ಲ. ರಂಗೋಲಿಯ ಎಳೆ ಎಳೆದಂತೆ ಒಂದೊಂದನ್ನೇ ಎಳೆದೆ. ಆ ಹೆಣ್ಣುಮಗಳು ವಿಭೂತಿ ಕೇಳಿದಳು. ಎದ್ದು, ಬಟ್ಟಲು ತಂದು, ಮುಂದಿನ ಕರಿ ಪ್ಲಾಸ್ಟಿಕ್ಕಿನ ಮೇಲೆ ಎಳೆದೆ. ನೋಡುತ್ತಿದ್ದಂತೆ ಒಣಗಿ ಉದುರಿತು.

“ನಿಲ್ಲವಲ್ದಲ್ರಿ ಅವ್ವಾರ,” ಎಂದಳು.

“ನಿಲ್ಲಬಾರದಂತನ ಅಲ್ಲಿ ಹಚ್ಚೇನಿ,” ಎಂದೆ.