ಸುಬ್ಬೇಗೌಡರೂ ಸ್ಯಾಕ್ಸನ್ ದೊರೆಗಳೂ

ಇವತ್ತು ಬೆಳಿಗ್ಗೆ ಹೆಂಡತಿ ಊರಲ್ಲಿಲ್ಲದ ಧೈರ್ಯದಲ್ಲಿ ಅಕ್ಕಿರೊಟ್ಟಿ ತಟ್ಟಲು ಹೋಗಿ, ಪೇಪರ್ ಓದುತ್ತಾ ಕೂತು ಸೀಯಿಸಿಬಿಟ್ಟೆ. ಸೀದ ವಾಸನೆಗೆ ಹಳೇ ಇಂಗ್ಲೆಂಡಿನ ಸ್ಯಾಕ್ಸನ್ ದೊರೆ ಆಲ್ಫ್ರೆಡ್ ನೆನಪಾದ. ಶತ್ರುಗಳಿಗೆ ಹೆದರಿ ಬಡವರ ಗುಡಿಸಲಲ್ಲಿ ಅಡಗಿದ್ದಾಗ ಅವನೂ ರೊಟ್ಟಿ ಸೀಯಿಸಿ, ಮನೆಯೊಡತಿಯಿಂದ ಬೈಸಿಕೊಂಡನಂತೆ. ಅವನ ಹಿಂದೆಯೇ ನಮ್ಮ ಸುಬ್ಬೇಗೌಡರೂ ನೆನಪಿಗೆ ಬಂದರು. ಎಲ್ಲಿಯ ಇಂಗ್ಲೆಂಡು, ಎಲ್ಲಿಯ ಗೌಡರು ಅಂತೀರಾ? ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಮೂಡಿಗೆರೆಯಲ್ಲಿ ಇತಿಹಾಸದ ಮೇಷ್ಟ್ರು. ಗೌಡರು ನನ್ನ ಮನೆ ಮಾಲೀಕರು. ಜಾವಳಿ ಕಡೆ ಕಾಫಿ ತೋಟ. ಕಾಲೇಜಿನಲ್ಲಿ ಹುಡುಗರು ಆಕಳಿಸುತ್ತಿದ್ದ ಪಾಠವನ್ನೇ ಇವರು ಸಂಜೆ ಜಗಲಿಯಲ್ಲಿ ಕೂತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನ್ನ ಪಾಠದ ಸೊಗಸು ಅಂದುಕೊಂಡು ಉಬ್ಬಿದ್ದೆ. ಆಮೇಲೆ ಗೊತ್ತಾಯಿತು: ಬೆಳೆಗಾರರ ಸಂಘದ ಅಧ್ಯಕ್ಷಗಿರಿಗೆ ಗೌಡರೂ ಅವರ ಒಡಹುಟ್ಟಿದ ತಮ್ಮ ಮಂಜೇಗೌಡರೂ ಎದುರುಬದುರು ನಿಂತಿದ್ದರು. ಮಾತು ಬಿಟ್ಟು ಬಹಳ ದಿನವಾಗಿತ್ತು. ತಾಯಿ ತಮ್ಮನ ಮನೆಯಲ್ಲಿದ್ದುದರಿಂದ ಗೌಡರು ಅವರನ್ನು ನೋಡಲೂ ಹೋಗುತ್ತಿರಲಿಲ್ಲ. ಅವರಿಗೆ ನನ್ನಿಂದ ಬೇಕಾಗಿದ್ದು ಗೆಲ್ಲುವ ಉಪಾಯ.

ಒಂದು ಸಂಜೆ ಸ್ಯಾಕ್ಸನ್ನರ ಕೊನೆಯ ದೊರೆ ಹೆರಾಲ್ಡನ ಕಥೆ ಹೇಳುತ್ತಿದ್ದೆ. ತಮ್ಮ ಟೋಸ್ಟಿಗ್ ನಾರ್ವೆಯ ದೊರೆಯನ್ನು ಕಟ್ಟಿಕೊಂಡು ದಂಡೆತ್ತಿ ಬಂದ. ಹೆರಾಲ್ಡ್ ಸದ್ದಿಲ್ಲದೆ ಹೋಗಿ ಮೇಲೆ ಬಿದ್ದ.

"ಹಂಗೇ ಆಗ್ಬೇಕು!" ಗೌಡರು ತೊಡೆ ತಟ್ಟಿದರು. "ತಮ್ಮ ಏನಾದ?"

"ಅಲ್ಲೇ ಸತ್ತ."

ಎತ್ತಿದ ಕೈ ಹಾಗೇ ನಿಂತಿತು. "ಅವ್ರ ತಾಯಿ ಇದ್ರಾ ಆಗ?"

ಇಷ್ಟು ವರ್ಷ ಯಾರೂ ಅದನ್ನು ಕೇಳಿರಲಿಲ್ಲ. ಒಳಗೆ ಹೋಗಿ ದಪ್ಪ ಪುಸ್ತಕ ತಿರುವಿ ಬಂದೆ. "ಇದ್ರು. ಗೀಥಾ ಅಂತ ಹೆಸರು."

"ಗೀತಾನಾ! ನಮ್ ಕಡೆಯವರ ಹಂಗೇ ಐತಲ್ಲ ಮಾರಾಯ್ರೆ. ಪಾಪ, ಒಬ್ಬ ಮಗನಾದ್ರೂ ಉಳಿದ್ನಲ್ಲ."

"ಅವನೂ ಉಳೀಲಿಲ್ಲ. ಇವರಿಬ್ಬರ ಜಗಳದ ಬೆನ್ನಿಗೇ ವಿಲಿಯಂ ಅನ್ನೋನು ಸಮುದ್ರ ದಾಟಿ ಬಂದ. ಹೆರಾಲ್ಡ್ ಸತ್ತ, ರಾಜ್ಯ ವಿಲಿಯಂ ಪಾಲಾಯ್ತು."

ಗೌಡರು ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

ಮರುದಿನ ಅವರ ಜೀಪು ತಮ್ಮನ ಅಂಗಳದಲ್ಲಿ ನಿಂತಿತು. ಒಳಗೆ ಅವ್ವ ಬಡಿಸಿದ ಕಡುಬು ತಿನ್ನುತ್ತಾ ಗೌಡರು, "ಅವ್ವಾ, ತಮ್ಮನೇ ಅಧ್ಯಕ್ಷ ಆಗ್ಲಿ ಬಿಡು" ಅಂದರು. ಆದರೆ ಅಣ್ಣನ ಜೀಪು ಕಂಡೇ ಕರಗಿಹೋಗಿದ್ದ ಮಂಜೇಗೌಡರು, ಎದುರಿಗೆ ಬರಲು ನಾಚಿ, ಹಿತ್ತಿಲಿನಿಂದಲೇ ಪೇಟೆಗೆ ಹೋಗಿ ತಮ್ಮ ಉಮೇದುವಾರಿಕೆ ವಾಪಸು ಪಡೆದಿದ್ದರು. ಇದು ತಿಳಿಯದ ಗೌಡರೂ ಊಟ ಮುಗಿಸಿ ಹೋಗಿ ಅದನ್ನೇ ಮಾಡಿ ಬಂದರು. ಎರಡೆಕರೆ ಕಾಫಿಯಿದೆ ಎಂಬ ನೆಪದಲ್ಲಿ, ಸುಮ್ಮನೆ ಇರಲಿ ಎಂದು ಅರ್ಜಿ ಹಾಕಿದ್ದ ದಿನಸಿ ಅಂಗಡಿಯ ರುದ್ರಪ್ಪ ಅವಿರೋಧವಾಗಿ ಗೆದ್ದ. ಹಾರ ಹಾಕಿಸಿಕೊಳ್ಳುವಾಗ ಅವನಿಗೇ ನಂಬಿಕೆ ಇರಲಿಲ್ಲ.

"ವಿಲಿಯಂ ಬಂದೇಬಿಟ್ನಲ್ಲ ಮೇಷ್ಟ್ರೇ!" ಎಂದು ಅಣ್ಣತಮ್ಮ ಇಬ್ಬರೂ ನನ್ನ ಜಗಲಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಂದಿನಿಂದ, ಯಾವ ದೊರೆಯ ಪಾಠವಾದರೂ ಅವನ ಮನೆಯಲ್ಲಿ ಯಾರ್ಯಾರಿದ್ದರು ಎಂದು ಮೊದಲು ಹುಡುಕುವ ಚಾಳಿ ನನಗೆ ಅಂಟಿದೆ. ಇವತ್ತು ಪಕ್ಕದ ಮನೆಯ ಹುಡುಗಿ ಪಾಠ ಹೇಳಿಸಿಕೊಳ್ಳಲು ಬಂದಾಗಲೂ ಅಲ್ಲಿಂದಲೇ ಶುರು ಮಾಡಿದೆ.

"ಇದೆಲ್ಲ ಪರೀಕ್ಷೆಗೆ ಬರುತ್ತಾ ಅಂಕಲ್?" ಅಂದಳು.

"ಬರಲ್ಲಮ್ಮ," ಅಂದೆ. "ಕೇಳ್ಕೋ."